ದೊಡ್ಡಮಾವನ ಜಾತಕದ ಒಂದು ಗಂಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ಲೋಕದಲ್ಲಿ ತಪ್ಪು ಹುಡುಕುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಬೀದಿಯಲ್ಲೇ ನಾಲ್ಕು ಜನ ಸಿಗುತ್ತಾರೆ, ನಾಲ್ವರೂ ನನಗಿಂತ ಚುರುಕು. ಆದರೆ ಅವರು ಪುಕ್ಕಟೆಯಾಗಿ ಮಾಡುವ ಸೇವೆಗೆ ನನಗೆ ಒಂದು ಹುದ್ದೆಯ ಹೆಸರು ಇದೆ: ಸಾಫ್ಟ್‌ವೇರ್ ಟೆಸ್ಟರ್. ಮೈಸೂರಿನ ಒಂದು ಸಣ್ಣ ಕಂಪನಿಗೆ ಹುಣಸೂರಿನ ನಮ್ಮ ಮನೆಯ ಮಹಡಿಯಲ್ಲಿ ಕೂತು ಕೆಲಸ ಮಾಡುತ್ತೇನೆ. ವಾರಕ್ಕೊಂದು ದಿನ ಬಸ್ಸು ಹತ್ತಿ ಆಫೀಸಿಗೆ ಹೋಗಿ ಮುಖ ತೋರಿಸಿ ಬರುತ್ತೇನೆ. ಬೇರೆಯವರು ಬರೆದ ಪ್ರೋಗ್ರಾಮು ಸರಿಯಾಗಿದೆಯೇ ಎಂದು ನೋಡುವುದು ನನ್ನ ಕೆಲಸ ಎಂದು ನೇಮಕದ ಪತ್ರದಲ್ಲಿ ಬರೆದಿದೆ. ನಿಜ ಹೇಳಬೇಕೆಂದರೆ ಸರಿಯಾಗಿದ್ದರೆ ನನಗೆ ಬೇಜಾರಾಗುತ್ತದೆ. ತಪ್ಪು ಸಿಕ್ಕ ದಿನ ಮಧ್ಯಾಹ್ನ ಎರಡು ತುತ್ತು ಹೆಚ್ಚಿಗೆ ಊಟ ಸೇರುತ್ತದೆ.

ನಮ್ಮ ಕಂಪನಿ ತಯಾರಿಸುವುದು ಜಾತಕ ಬರೆಯುವ ಸಾಫ್ಟ್‌ವೇರ್. ಹುಟ್ಟಿದ ತಾರೀಖು, ಊರು, ಗಂಟೆ ಹಾಕಿದರೆ ಅದು ಲಗ್ನ, ರಾಶಿ, ನಕ್ಷತ್ರ ಎಲ್ಲವನ್ನೂ ಲೆಕ್ಕ ಹಾಕಿ, ಸುತ್ತ ಬಳ್ಳಿಯ ಅಂಚಿರುವ ಪುಟದಲ್ಲಿ ಅಚ್ಚು ಮಾಡಿ ಕೊಡುತ್ತದೆ. ನನಗೆ ಜ್ಯೋತಿಷ್ಯದಲ್ಲಿ ನಂಬಿಕೆ ಇದೆಯೇ ಎಂದು ಮಾತ್ರ ಕೇಳಬೇಡಿ. ಬೇಕರಿಯಲ್ಲಿ ಕೆಲಸ ಮಾಡುವವರನ್ನು ನಿಮಗೆ ಕೇಕು ಇಷ್ಟವೇ ಎಂದು ಯಾರೂ ಕೇಳುವುದಿಲ್ಲ. ನನ್ನ ಪಾಲಿಗೆ ಬಂದದ್ದು ಗಂಟೆಯ ವಿಭಾಗ. ಲಂಡನ್ನಿನಲ್ಲಿ ಹುಟ್ಟಿದ ಮಗುವಿನ ಗಂಟೆ ಬೇರೆ, ಸಿಡ್ನಿಯ ಮಗುವಿನದು ಬೇರೆ. ಅಷ್ಟೇ ಆಗಿದ್ದರೆ ಕೂಡಿ ಕಳೆದು ಹೇಗೋ ನಿಭಾಯಿಸಬಹುದಿತ್ತು. ಆದರೆ ಆ ದೇಶಗಳಲ್ಲಿ ಬೇಸಿಗೆ ಹತ್ತಿರವಾದರೆ ಜನರೆಲ್ಲ ಸೇರಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಮುಂದಕ್ಕೆ ತಿರುಗಿಸುವ ದಿನ ಅಮೆರಿಕದಲ್ಲಿ ಎರಡು ಗಂಟೆಯಾದ ಕೂಡಲೇ ಮೂರು ಗಂಟೆ. ಎರಡೂವರೆ ಎನ್ನುವುದು ಆ ದಿನ ಇರುವುದೇ ಇಲ್ಲ. ಇಲ್ಲದ ಆ ಎರಡೂವರೆಯಲ್ಲಿ ಒಂದು ಮಗುವನ್ನು ಹುಟ್ಟಿಸಲು ನೋಡುವುದು, ಸಾಫ್ಟ್‌ವೇರು ಅದನ್ನು ಮರ್ಯಾದೆಯಾಗಿ ಬೇಡ ಅನ್ನುತ್ತದೆಯೋ ಅಥವಾ ಪೆದ್ದುಪೆದ್ದಾಗಿ ಜಾತಕ ಬರೆದು ಕೊಡುತ್ತದೆಯೋ ಎಂದು ಪರೀಕ್ಷಿಸುವುದು ನನ್ನ ಬೆಳಗಿನ ಕೆಲಸ. ಹಿಂದಕ್ಕೆ ತಿರುಗಿಸುವ ದಿನ ಒಂದೂವರೆ ಎರಡು ಸಲ ಬರುತ್ತದೆ. ಆಗ ಅವಳಿ ಮಕ್ಕಳನ್ನು ಹುಟ್ಟಿಸುತ್ತೇನೆ. ಮೊದಲನೆಯದು ಒಂದು ಐವತ್ತಕ್ಕೆ. ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು. ಅಷ್ಟರಲ್ಲಿ ಗಡಿಯಾರ ಹಿಂದಕ್ಕೆ ಹೋಗಿರುವುದರಿಂದ ಎರಡನೆಯ ಮಗು ಹುಟ್ಟಿದ್ದು ಒಂದು ಹತ್ತಕ್ಕೆ. ಕಾಗದದ ಮೇಲೆ ತಂಗಿಯೇ ಅಕ್ಕ.

ಇದನ್ನೆಲ್ಲ ನಾನು ಕೆಳಗಿಳಿದು ಹೋಗಿ ದೊಡ್ಡಮಾವನಿಗೂ ದೊಡ್ಡತ್ತೆಗೂ ವರದಿ ಮಾಡುವುದುಂಟು. ದೊಡ್ಡಮಾವ ಎಂದರೆ ನನ್ನ ಮಾವನವರ ಅಣ್ಣ, ನಂಜುಂಡಪ್ಪನವರು. ವಯಸ್ಸು ಎಂಬತ್ತು ದಾಟಿದೆ. ಗಾವಡಗೆರೆಯಲ್ಲಿ ಬಹಳ ವರ್ಷ ಹೊಗೆಸೊಪ್ಪು ಬೆಳೆದವರು. ಈಗ ಜಮೀನನ್ನು ತಮ್ಮನಿಗೆ ವಹಿಸಿ ಹುಣಸೂರಿನ ಮನೆಯ ಕೆಳಭಾಗದಲ್ಲಿದ್ದಾರೆ. ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿರುವ ನನ್ನ ಗಂಡ ಮತ್ತು ನಾನು ಮೇಲಿದ್ದೇವೆ. ದೊಡ್ಡತ್ತೆ ಗೌರಮ್ಮನವರು ಮೇಲೆ ಕೆಳಗೆ ಎರಡೂ ಕಡೆ ಇದ್ದಾರೆ. ಗಡಿಯಾರ ತಿರುಗಿಸುವ ಪದ್ಧತಿಯನ್ನು ದೊಡ್ಡಮಾವ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಪಂಪಿಗೆ ತ್ರೀಫೇಸ್ ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಸಾಯಂಕಾಲ ಕೊಡುತ್ತಾರಲ್ಲ, ಅದೇ ಪಾಳಿ ತಾನೆ, ಅದರಲ್ಲೇನಿದೆ ಅಂದರು. ಇದೇ ವಿಷಯವನ್ನು ನಮ್ಮ ಆಫೀಸಿನಲ್ಲಿ ಒಬ್ಬ ಇಂಜಿನಿಯರಿಗೆ ತಿಳಿಸಲು ಎರಡು ದಿನ ಹಿಡಿದಿತ್ತು. ದೊಡ್ಡತ್ತೆಗೆ ಮಾತ್ರ ಅವಳಿ ಮಕ್ಕಳದ್ದೇ ಚಿಂತೆ. ಹಾಗಾದರೆ ಮದುವೆ ಯಾರಿಗೆ ಮೊದಲು ಮಾಡುತ್ತಾರೆ ಎಂದು ಕೇಳಿದರು. ಅದು ನನ್ನ ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಸ್ವಲ್ಪ ಯೋಚಿಸಿ, ಹೆಚ್ಚಿಗೆ ಬರುವ ಆ ಒಂದು ಗಂಟೆಯಲ್ಲಿ ಕರೆಂಟು ಇರುತ್ತದೆಯೇ ಎಂದರು. ಇರುತ್ತದೆ ಅಂದೆ. ಇದ್ದರೆ ಒಳ್ಳೆಯದೇ, ದೋಸೆಗೆ ರುಬ್ಬಿಕೊಳ್ಳಬಹುದು ಎಂದು ಸಮಾಧಾನಪಟ್ಟರು.

ಇಂಥ ಕೆಲಸ ಮಾಡುವವರಿಗೆ ತಮ್ಮ ಸ್ವಂತ ಗಂಟೆಯ ಮೇಲೆ ಹಿಡಿತ ತಪ್ಪುತ್ತದೆ. ಒಂದು ದಿನ ಪರೀಕ್ಷೆಗೆಂದು ಲ್ಯಾಪ್‌ಟಾಪಿನ ಗಡಿಯಾರವನ್ನು ಲಂಡನ್ನಿಗೆ ತಿರುಗಿಸಿ ಮರೆತೆ. ಗಂಟೆ ಇನ್ನೂ ಎಂಟೂವರೆ ಎಂದುಕೊಂಡು ನಿಧಾನವಾಗಿ ಸ್ನಾನ ಮಾಡಿ, ಪೂಜೆ ಮಾಡಿ, ತಲೆಗೆ ಹೂ ಮುಡಿದು ಮೀಟಿಂಗಿಗೆ ಕೂತರೆ, ಮೀಟಿಂಗು ಮುಗಿದು ಅಲ್ಲಿನವರೆಲ್ಲ ಊಟಕ್ಕೆ ಎದ್ದಿದ್ದರು. ನಮ್ಮ ಮನೆಯ ಗೋಡೆ ಗಡಿಯಾರ ನೋಡಿದ್ದರೆ ತಿಳಿಯುತ್ತಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮ ಮನೆಯ ಗೋಡೆ ಗಡಿಯಾರವನ್ನು ದೊಡ್ಡಮಾವ ಎಲ್ಲಿಗೂ ತಡವಾಗಬಾರದು ಎಂದು ಹತ್ತು ನಿಮಿಷ ಮುಂದಿಟ್ಟಿದ್ದಾರೆ. ಅವರು ಮುಂದಿಟ್ಟಿದ್ದು ದೊಡ್ಡತ್ತೆಗೆ ಗೊತ್ತಿರಲಿಲ್ಲವಾದ್ದರಿಂದ ಅವರೂ ಒಮ್ಮೆ ಐದು ನಿಮಿಷ ಮುಂದಿಟ್ಟಿದ್ದಾರೆ. ನನ್ನ ಗಂಡ ಕಳೆಯುವುದು ಹದಿನೈದು. ಬೀಗರು ಬಂದರೆ ಏನನ್ನೂ ಕಳೆಯದೆ ಬಸ್ ಸ್ಟಾಂಡಿಗೆ ಓಡುತ್ತಾರೆ.

ಇರಲಿ, ನಡೆದದ್ದಕ್ಕೆ ಬರುತ್ತೇನೆ. ಪರದೇಶದ ಮಕ್ಕಳನ್ನೆಲ್ಲ ಹುಟ್ಟಿಸಿ ಸಾಕಾದ ಮೇಲೆ, ಹೋಲಿಸಿ ನೋಡಲು ಒಂದು ನಿಶ್ಚಿಂತೆಯ ಜಾತಕ ಬೇಕಾಯಿತು. ಅಂದರೆ ಯಾವ ತಕರಾರೂ ಇಲ್ಲದ, ಉತ್ತರ ಮೊದಲೇ ಗೊತ್ತಿರುವ ಜಾತಕ. ಭಾರತದಲ್ಲಿ ಗಡಿಯಾರ ತಿರುಗಿಸುವ ಗೋಜಿಲ್ಲ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಗಂಟೆ, ಮನೆಯವರದೇ ಒಬ್ಬರದು ಹಾಕೋಣ ಎಂದುಕೊಂಡೆ. ಮನೆಯಲ್ಲಿ ಉತ್ತರ ಗೊತ್ತಿರುವ ಜಾತಕ ಎಂದರೆ ದೊಡ್ಡಮಾವನದು. ನಮ್ಮ ಮನೆಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ನೀರಿನ ನಲ್ಲಿ ಎಲ್ಲಿದೆ ಎಂದು ತೋರಿಸುವ ಮೊದಲೇ ಹೇಳಿಕೊಡುವ ವಿಷಯ ಅದು. ಸಿಂಹ ಲಗ್ನ. ಸಾಲದ್ದಕ್ಕೆ ಹುಟ್ಟಿದ್ದು ಮಂಗಳವಾರ.

ದೊಡ್ಡಮಾವ ಆ ಜಾತಕಕ್ಕೆ ತಕ್ಕ ಹಾಗೆ ಬದುಕಿದವರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯ ಮೊದಲ ಎಲೆ ಅವರದು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಅವರದು, ಅಲ್ಲಿಂದ ಡ್ರೈವರಿಗೆ ಸಲಹೆ ಕೊಡುತ್ತಾರೆ. ಹೊಗೆಸೊಪ್ಪಿನ ಹರಾಜಿಗೆ ಹೋದರೆ ಆ ಕಟ್ಟಡದ ಇನ್ನೊಂದು ತುದಿಯಲ್ಲಿದ್ದವರಿಗೂ ಅವರು ಬಂದದ್ದು ತಿಳಿಯುತ್ತಿತ್ತಂತೆ. ಕಾಫಿ ತಣ್ಣಗಿದ್ದರೆ ಲೋಟ ಅಂಗಳಕ್ಕೆ ಹೋಗುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಸೊಟ್ಟಗಾದ ಸ್ಟೀಲಿನ ಲೋಟಗಳ ಒಂದು ಸಾಲೇ ಇದೆ. ಯಾವ ಸೊಟ್ಟು ಯಾವ ಕಾಲದ್ದು ಎಂದು ದೊಡ್ಡತ್ತೆ ಮುಟ್ಟಿಯೇ ಹೇಳಬಲ್ಲರು. ಇದು ದೊಡ್ಡ ಮಗಳ ಬಾಣಂತನದ್ದು, ಇದು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಸೂರು ಹಾರಿಹೋದ ವರ್ಷದ್ದು. ಹೇಳಿ ಮುಗಿಸಿದ ಮೇಲೆ ಯಾವಾಗಲೂ ಒಂದೇ ಮಾತು: ಏನು ಮಾಡುವುದು, ಅವರ ಜಾತಕವೇ ಹಾಗೆ.

ಜಾತಕ ಬೇಕೆಂದು ಕೇಳಿದಾಗ ದೊಡ್ಡಮಾವನಿಗೆ ಆದ ಸಂತೋಷ ಹೇಳಲಿಕ್ಕಾಗದು. ಟ್ರಂಕಿನ ತಳದಿಂದ ಹಳದಿ ಬಟ್ಟೆಯಲ್ಲಿ ಸುತ್ತಿದ ನೋಟುಬುಕ್ಕು ತೆಗೆದುಕೊಟ್ಟು, ನನ್ನದನ್ನು ನೋಡಿ ನಿನ್ನ ಕಂಪ್ಯೂಟರು ಕಲಿತುಕೊಳ್ಳಲಿ ಅಂದರು. ಅಂಚಿನಲ್ಲಿ ಬಳ್ಳಿ ಇರುವ ಒಂದು ಪ್ರತಿ ಚೌಕಟ್ಟು ಹಾಕಿಸಲು ಬೇಕು ಎಂದೂ ಹೇಳಿದರು. ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ, ಆಗಸ್ಟ್ ತಿಂಗಳು, ಒಂದು ಮಂಗಳವಾರ. ಹುಟ್ಟಿದ್ದು ತಾಯಿಯ ತವರಿನಲ್ಲಿ, ಕೆ.ಆರ್. ನಗರದ ರೈಲ್ವೆ ಸ್ಟೇಷನ್ನಿನ ಹತ್ತಿರದ ಮನೆಯಲ್ಲಿ. ಬೆಳಿಗ್ಗೆ ಆರು ಗಂಟೆ ಮೂವತ್ತೈದು ನಿಮಿಷ, ಸ್ಟೇಷನ್ ಗಡಿಯಾರದ ಪ್ರಕಾರ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಸಿಂಹ ಲಗ್ನ ಎಂದು ಬರೆದು ಎರಡು ಗೆರೆ ಎಳೆದಿತ್ತು.

ಹಾಕಿದೆ. ಕಟಕ ಲಗ್ನ ಎಂದು ಬಂತು. ಕಟಕ ಎಂದರೆ ಏಡಿ. ಜೊತೆಗೆ, ಸೂರ್ಯೋದಯಕ್ಕೆ ಮುಂಚೆ ಹುಟ್ಟಿದ್ದರಿಂದ, ದಿನ ಸೂರ್ಯೋದಯಕ್ಕೇ ಶುರುವಾಗುವ ಪಂಚಾಂಗದ ಲೆಕ್ಕಕ್ಕೆ ವಾರ ಮಂಗಳವಾರವಲ್ಲ, ಸೋಮವಾರ ಎಂದೂ ಬಂತು.

ನನಗಾದ ಹಿಗ್ಗನ್ನು ಏನೆಂದು ಹೇಳಲಿ. ಎಂಟು ದಿನದಿಂದ ಒಂದು ಸಣ್ಣ ತಪ್ಪೂ ಸಿಗದೆ ಒಣಗಿಹೋಗಿದ್ದೆ. ಈಗ ಎಂಬತ್ತು ವರ್ಷದಿಂದ ಊರಿಗೆಲ್ಲ ಗೊತ್ತಿರುವ ಸಿಂಹವನ್ನು ಈ ಪ್ರೋಗ್ರಾಮು ಏಡಿ ಎನ್ನುತ್ತಿದೆ. ಕೂಡಲೇ ದೂರು ದಾಖಲಿಸಿದೆ. ಅದರಲ್ಲಿ ತಪ್ಪಿನ ತೀವ್ರತೆ ಎಷ್ಟು ಎಂದು ತುಂಬಬೇಕು. ಅತಿ ಗಂಭೀರ ಎಂದು ತುಂಬಿದೆ. ವಿವರದ ಜಾಗದಲ್ಲಿ, ಒಳಗೆ ಹೋಗಿದ್ದು ಸಿಂಹ, ಹೊರಗೆ ಬಂದಿದ್ದು ಏಡಿ, ದಯವಿಟ್ಟು ಬರೆಯುವ ಮುನ್ನ ಯೋಚಿಸಿ ಎಂದು ಬರೆದೆ. ಈ ಕೊನೆಯ ಮಾತು ಬೇಕಾಗಿರಲಿಲ್ಲ. ಬರೆಯುವಾಗ ಬಹಳ ಬೇಕೆನಿಸಿತ್ತು.

ಪ್ರೋಗ್ರಾಮು ಬರೆದ ಕಿರಣ ಎಂಬ ಹುಡುಗ ಮೈಸೂರಿನಿಂದ ಅರ್ಧ ಗಂಟೆಯಲ್ಲಿ ಉತ್ತರ ಕಳಿಸಿದ. ಇದು ತಪ್ಪಲ್ಲ, ಇಸವಿ ನೋಡಿ ಮೇಡಂ ಎಂದಿತ್ತು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ನಮ್ಮ ದೇಶದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರಂತೆ. ಹಗಲಿನ ಬೆಳಕನ್ನು ಹೆಚ್ಚು ಬಳಸಿಕೊಂಡು ದೀಪ ಉರಿಸುವುದನ್ನು ಕಡಿಮೆ ಮಾಡಲೆಂದು. ಮೂರು ವರ್ಷ ಹಾಗೇ ನಡೆದು, ಯುದ್ಧ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿದರಂತೆ. ಆಗ ಸ್ಟೇಷನ್ ಗಡಿಯಾರ ಆರು ಮೂವತ್ತೈದು ತೋರಿಸುತ್ತಿದ್ದರೆ ಈಗಿನ ಲೆಕ್ಕಕ್ಕೆ ಅದು ಐದು ಮೂವತ್ತೈದು. ಲಗ್ನವೋ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವಂಥದ್ದು, ಜಾತಕ ಬರೆದವರು ಆ ಒಂದು ಗಂಟೆ ಕಳೆಯುವುದನ್ನು ಮರೆತಿದ್ದಾರೆ. ನಾನು ಹುಡುಕಾಡಿ ನೋಡಿದೆ. ಕಿರಣ ಹೇಳಿದ್ದು ನಿಜ. ಪರದೇಶದ ಗಡಿಯಾರಗಳನ್ನು ನೋಡಿ ನಗುತ್ತಿದ್ದವಳಿಗೆ ಕೆ.ಆರ್. ನಗರದ ಗಡಿಯಾರ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಊಟ ಸೇರಲಿಲ್ಲ.

ಇದನ್ನು ಯಾರಿಗೂ ಹೇಳಬಾರದು ಎಂದು ಗಟ್ಟಿ ಮಾಡಿಕೊಂಡೆ. ಎಂಬತ್ತು ವರ್ಷ ಸಿಂಹವಾಗಿ ನಡೆದು ಬಂದವರನ್ನು ಈಗ ಏಡಿ ಮಾಡುವುದು ಯಾವ ನ್ಯಾಯ. ಆದರೆ ದೊಡ್ಡಮಾವ ಬಿಡಬೇಕಲ್ಲ. ನನ್ನ ಕಾಲ ಸಪ್ಪಳ ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಆಯಿತೇ ಎಂದು ಕೇಳುವರು. ಪ್ರಿಂಟರಿನಲ್ಲಿ ಇಂಕಿಲ್ಲ ಅಂದೆ. ಮಾರನೆಯ ದಿನ ಇಂಟರ್ನೆಟ್ ಇಲ್ಲ ಅಂದೆ. ಮೂರನೆಯ ದಿನಕ್ಕೆ ಸುಳ್ಳು ಖಾಲಿಯಾಯಿತು. ಆಗ ಅವರೆಕಾಯಿಯ ಕಾಲ. ದೊಡ್ಡತ್ತೆ ಅಡುಗೆಮನೆಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಎರಡು ಕಾಳು ಹಿತುಕಿದೆ, ಮೂರನೆಯದಕ್ಕೆ ಬಾಯಿ ಬಿಟ್ಟೆ. ಯಾರಿಗೂ ಹೇಳಬೇಡಿ ಎಂದು ಶುರು ಮಾಡಿ ಯುದ್ಧ, ಗಡಿಯಾರ, ಸ್ಟೇಷನ್ನು, ಸೋಮವಾರ, ಏಡಿ, ಎಲ್ಲವನ್ನೂ ಹೇಳಿ ಮುಗಿಸಿದೆ.

ದೊಡ್ಡತ್ತೆಯ ಕೈಯಲ್ಲಿದ್ದ ಕಾಳು ಸಿಪ್ಪೆಯಿಂದ ಹಾರಿ ಒಲೆಯ ಹಿಂದೆ ಎಲ್ಲೋ ಬಿತ್ತು. ಅವರು ಅದನ್ನು ನೋಡಲಿಲ್ಲ. ಮೆಲ್ಲಗೆ ಕೇಳಿದರು.

"ಅಂಗಾರೆ ಈ ಐವತ್ತೈದು ವರ್ಸದ ಕ್ವಾಪ ಯಾರ್ದವ್ವ?"

ಮದುವೆಯಾಗಿ ಬಂದ ಮೊದಲನೇ ವಾರದಲ್ಲೇ ದೊಡ್ಡತ್ತೆಯನ್ನು ಅವರ ಅತ್ತೆ ಕೂರಿಸಿಕೊಂಡು ಹೇಳಿದ್ದರಂತೆ. ಸಿಂಹ ಲಗ್ನದವನು, ಎದುರು ಮಾತಾಡಬೇಡ, ಅವನ ಕೈಲಿಲ್ಲ ಅದು, ಗ್ರಹಗಳು ಕೂಗಿಸುತ್ತವೆ ಅಂತ. ದೊಡ್ಡತ್ತೆ ಅಂದಿನಿಂದ ಗ್ರಹಗಳಿಗೆ ಹೊಂದಿಕೊಂಡು ಹೋಗಿದ್ದರು. ಈಗ ಗ್ರಹಗಳು ತಮಗೇನೂ ಗೊತ್ತಿಲ್ಲ ಎಂದು ಕೈತೊಳೆದುಕೊಂಡ ಹಾಗಾಯಿತು. ಅದೇ ಗಳಿಗೆಗೆ ನಡುಮನೆಯಿಂದ ಕಾಫಿ ಎಂದು ಕೂಗು ಬಂತು. ದೊಡ್ಡತ್ತೆ ಎದ್ದು, ಬೆಳಿಗ್ಗೆ ಮಾಡಿ ಮಿಕ್ಕಿದ್ದ ಕಾಫಿಯನ್ನು ಬಿಸಿ ಮಾಡದೆ ಲೋಟಕ್ಕೆ ಬಗ್ಗಿಸಿ, ತೆಗೆದುಕೊಂಡು ಹೋಗಿ ಮುಂದಿಟ್ಟರು. ನಾನು ಬಾಗಿಲ ಸಂದಿಯಲ್ಲಿ ನಿಂತೆ. ದೊಡ್ಡಮಾವ ಒಂದು ಗುಟುಕು ಕುಡಿದು ತಣ್ಣಗಿದೆ ಅಂದರು. ನಾನು ಅಂಗಳದ ಕಡೆ ನೋಡಿದೆ.

"ತಣ್ಣಗೇ ಅದೆ," ಅಂದರು ದೊಡ್ಡತ್ತೆ. "ಎದ್ದೋಗಿ ಕಾಸ್ಕಳಿ. ನೀವು ಸಿಂಹ ಅಲ್ವಂತೆ, ಏಡಿಕಾಯಂತೆ. ಕಂಪ್ಯೂಟ್ರು ಯೋಳ್ತದೆ."

ಲೋಟ ಹಾರಲಿಲ್ಲ. ದೊಡ್ಡಮಾವ ಲೋಟವನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಬಾಗಿಲ ಸಂದಿಯನ್ನು ನೋಡಿದರು. ನಾನು ಹೊರಗೆ ಬರಲೇಬೇಕಾಯಿತು. ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಯುದ್ಧ ನಡೆದದ್ದು ಎಲ್ಲೋ, ನನ್ನ ಲಗ್ನ ಯಾಕೆ ಬದಲಾಗಬೇಕು ಎಂದು ಕೇಳಿದರು. ಲಗ್ನ ಬದಲಾಗಿಲ್ಲ ಮಾವ, ಗಡಿಯಾರ ಬದಲಾಗಿತ್ತು ಅಂದೆ. ಅವರು ಒಪ್ಪಲಿಲ್ಲ. ಸ್ಟೇಷನ್ನಿನಲ್ಲಿ ಗಡಿಯಾರವನ್ನು ನಿಜವಾಗಿಯೂ ತಿರುಗಿಸಿದ್ದರೆಂದು ನಿನ್ನ ಹುಡುಗ ಮೈಸೂರಲ್ಲಿ ಕೂತು ಹೇಗೆ ಹೇಳುತ್ತಾನೆ, ಅವನು ಹೋಗಿ ನೋಡಿದ್ದನೇ ಎಂದರು. ಟೆಸ್ಟರ್ ಆಗಿ ನಾನು ಇದನ್ನು ಒಪ್ಪಲೇಬೇಕು, ಪ್ರಶ್ನೆ ಬಹಳ ಚೆನ್ನಾಗಿತ್ತು. ನಾನೇ ಕಿರಣನಿಗೆ ಕೇಳಬೇಕಿತ್ತು.

"ನೀನು ತಪ್ಪು ಉಡ್ಕೋಳು ತಾನೆ," ಅಂದರು ದೊಡ್ಡಮಾವ. "ಉಡ್ಕು. ನಮ್ಮಕ್ಕ ಅವಳೆ, ಅವಳನ್ನ ಕೇಳಾನ ನಡಿ."

ಅವರ ಅಕ್ಕ ಸಿದ್ದಮ್ಮನವರು ಪಿರಿಯಾಪಟ್ಟಣದಲ್ಲಿ ಮೊಮ್ಮಗಳ ಮನೆಯಲ್ಲಿದ್ದಾರೆ. ತಮ್ಮನಿಗಿಂತ ಏಳು ವರ್ಷ ದೊಡ್ಡವರು. ಕಿವಿ, ಕಣ್ಣು, ನಾಲಿಗೆ ಮೂರೂ ಚುರುಕಾಗಿವೆ. ಮಾರನೆಯ ಬೆಳಿಗ್ಗೆಯೇ ನಾವು ಮೂವರೂ ಮಡಿಕೇರಿ ಕಡೆಯ ಬಸ್ಸು ಹತ್ತಿದೆವು. ನಾನು ಕಂಪನಿಗೆ, ಪರೀಕ್ಷೆಯ ಕೆಲಸದ ಮೇಲೆ ಹೊರಗೆ ಹೋಗುತ್ತಿದ್ದೇನೆ ಎಂದು ತಿಳಿಸಿದ್ದೆ. ಅದರಲ್ಲಿ ಸುಳ್ಳೇನಿರಲಿಲ್ಲ. ದೊಡ್ಡಮಾವ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು, ಆದರೆ ದಾರಿಯುದ್ದಕ್ಕೂ ಅವನಿಗೆ ಒಂದು ಮಾತೂ ಹೇಳಲಿಲ್ಲ. ದೊಡ್ಡತ್ತೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ನಡುನಡುವೆ ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಗಾಬರಿಯಾಗಿ ಬಗ್ಗಿ ನೋಡಿದೆ. ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಸಿದ್ದಮ್ಮನವರು ಜಗುಲಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಊರಿಗೆಲ್ಲ ಯಜಮಾನರಾದ ದೊಡ್ಡಮಾವ ಅವರಿಗೆ ಇನ್ನೂ ನಂಜ. ನಾನು ಉತ್ತರ ಬಾಯಿಗೆ ತುರುಕದ ಹಾಗೆ ಪ್ರಶ್ನೆ ಕೇಳಬೇಕೆಂದು ಬಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ದೊಡ್ಡಮಾವ ಹುಟ್ಟಿದ ದಿನದ ಬಗ್ಗೆ ನಿಮಗೆ ನೆನಪಿರುವುದನ್ನು ಹೇಳಿ ಎಂದಷ್ಟೇ ಕೇಳಿದೆ. ಅಷ್ಟು ಸಾಕಾಗಿತ್ತು. ಅವತ್ತು ಒಳಗಿನಿಂದ ಮಗು ಬಂತು ಎಂದು ಕೂಗಿದ ಕೂಡಲೇ ಅಜ್ಜ ಏಳು ವರ್ಷದ ಇವರನ್ನು ಎಬ್ಬಿಸಿ, ಓಡಿಹೋಗಿ ಸ್ಟೇಷನ್ನಿನಲ್ಲಿ ಗಂಟೆ ಎಷ್ಟು ಕೇಳಿಕೊಂಡು ಬಾ ಎಂದು ಅಟ್ಟಿದರಂತೆ. ಸ್ಟೇಷನ್ನಿನಲ್ಲಿ ಲಾಟೀನು ಹಿಡಿದು ನಿಂತಿದ್ದವರು ಗಡಿಯಾರ ನೋಡಿ ಆರು ಮೂವತ್ತೈದು ಅಂದರಂತೆ. ಮರೆತುಹೋಗಬಾರದೆಂದು ಆರು ಮೂವತ್ತೈದು, ಆರು ಮೂವತ್ತೈದು ಎಂದು ಹೇಳಿಕೊಳ್ಳುತ್ತಾ ಓಡಿ ಬರುವಾಗ ಏನೂ ಕಾಣದೆ ಕಲ್ಲು ಎಡವಿ ಬಿದ್ದರಂತೆ. ಎಡಗಾಲಿನ ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು. ಸಿದ್ದಮ್ಮನವರು ಆ ಕಾಲನ್ನು ಬಿಸಿಲಿನಿಂದ ನನ್ನ ಕಡೆಗೆ ತಿರುಗಿಸಿದರು. ಉಗುರು ಇವತ್ತಿಗೂ ಎರಡು ಸೀಳಾಗಿದೆ.

ದೊಡ್ಡಮಾವ ಬಿಡಲಿಲ್ಲ. ಆಗಸ್ಟ್ ತಿಂಗಳು, ಮಳೆಯ ಮೋಡ ಇದ್ದಿರಬೇಕು, ಅದಕ್ಕೇ ಕತ್ತಲೆ ಎಂದರು.

"ಮೋಡ ಇರ್ನಿಲ್ಲ ಕಣ್ಲಾ ನಂಜ," ಅಂದರು ಸಿದ್ದಮ್ಮನವರು. "ಚುಕ್ಕಿ ಕಾಣ್ತಿದ್ದೊ. ನೀನು ಉಟ್ಟಿ ಸ್ಯಾನೆ ಒತ್ತಾದ್ಮೇಲೆ ಸೂರ್ಯ ಮೂಡಿದ್ದು. ಅಜ್ಜ ನಿನ್ನ ಎತ್ಕಂಡೋಗಿ ಎಳೆಬಿಸ್ಲು ತೋರಿಸ್ಲಿಲ್ವಾ, ನಾನೂ ಕಾಲ್ಗೆ ಅರಿಸ್ನ ಮೆತ್ಕಂಡು ಪಕ್ಕದಲ್ಲೇ ಕುಂತಿದ್ದೆ."

ಕಿರಣನ ಪ್ರೋಗ್ರಾಮಿಗೂ ಸಿದ್ದಮ್ಮನವರ ಹೆಬ್ಬೆರಳಿಗೂ ಒಂದೇ ಉತ್ತರ ಬಂದಿತ್ತು. ಸ್ಟೇಷನ್ ಗಡಿಯಾರ ಆರೂವರೆ ದಾಟಿದ್ದರೂ ಹೊರಗೆ ನಕ್ಷತ್ರ ಇದ್ದವೆಂದರೆ, ಮುಂದೆ ಹೋಗಿದ್ದು ಗಡಿಯಾರವೇ ಹೊರತು ಆಕಾಶವಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸಿದ್ದಮ್ಮನವರು ನಿಲ್ಲಿಸಲಿಲ್ಲ. ಇವನು ಹುಟ್ಟಿದಾಗ ಅಳಲೂ ಇಲ್ಲ, ಸೂಲಗಿತ್ತಿ ಎರಡು ಪೆಟ್ಟು ಕೊಟ್ಟ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿದ್ದ ಅಂದರು. ಆರು ವರ್ಷದವರೆಗೂ ಕೋಳಿ ಕಂಡರೆ ಹೆದರಿ ಅವರ ಬೆನ್ನ ಹಿಂದೆ ಅಡಗುತ್ತಿದ್ದನಂತೆ. ಸ್ಕೂಲಿಗೆ ಸೇರಿಸುವಾಗ ಜಾತಕ ಬರೆಸಿದರು. ಸಿಂಹ ಲಗ್ನ ಎಂದು ಬಂದದ್ದೇ ತಡ, ಅಪ್ಪ ಇವನನ್ನು ಎಲ್ಲಾ ಕಡೆ ಮುಂದೆ ನಿಲ್ಲಿಸಲು ಶುರು ಮಾಡಿದರು. ಎಲ್ಲಿ, ಗಟ್ಟಿಯಾಗಿ ಮಾತಾಡು, ನೀನು ಸಿಂಹ ಅಲ್ಲವೇ ಎನ್ನುತ್ತಿದ್ದರಂತೆ. ಅಲ್ಲಿಂದ ಶುರುವಾಯಿತು ಇವನ ಗಂಟಲು ಅಂದರು.

ದೊಡ್ಡಮಾವ ತಲೆ ತಗ್ಗಿಸಿ ಕೂತಿದ್ದರು. ನನಗೆ ಎದ್ದು ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು. ಒಂದು ಪ್ರೋಗ್ರಾಮಿನ ಪರೀಕ್ಷೆಗೆಂದು ಒಬ್ಬ ಹಿರಿಯರನ್ನು ಅವರ ಬಾಲ್ಯದ ಕೋಳಿಗಳ ಮುಂದೆ ತಂದು ನಿಲ್ಲಿಸಿದ್ದೆ. ಆಗ ಅವರು ಮುಖ ಎತ್ತದೆ, ನಾನು ಹಿಂದೆಂದೂ ಕೇಳಿರದ ಒಂದು ಸಣ್ಣ ದನಿಯಲ್ಲಿ ಹೇಳಿದರು.

"ಕೂಗಿ ಕೂಗಿ ನಂಗೂ ಸಾಕಾಗಿತ್ತು ಕಣಕ್ಕ."

ದೊಡ್ಡತ್ತೆಯ ಮುಖದಲ್ಲಿ ನಗು ಹೋಗಿತ್ತು. ಗಂಡನನ್ನು ಅವರು ಸಂತೆಯಲ್ಲಿ ಗುರುತು ಸಿಕ್ಕಿದವರನ್ನು ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ, "ಮೊದ್ಲೇ ಯೋಳ್ಬಾರ್ದಿತ್ತಾ," ಅಂದರು. ಅಷ್ಟೇ. ಐವತ್ತೈದು ವರ್ಷಕ್ಕೆ ಅಷ್ಟು ಸಣ್ಣ ಮಾತು ಸಾಕಾದದ್ದು ನನಗೆ ಇವತ್ತಿಗೂ ಆಶ್ಚರ್ಯ. ಸಿದ್ದಮ್ಮನವರು ಅಕ್ಕಿರೊಟ್ಟಿ ತಿಂದು ಹೋಗಿ ಅಂದರು, ತಿಂದೆವು. ದೊಡ್ಡಮಾವ ನಾಲ್ಕು ತಿಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಖಾಲಿಯಿತ್ತು. ದೊಡ್ಡಮಾವ ಅದನ್ನು ದಾಟಿಕೊಂಡು ಸೀದಾ ಹಿಂದೆ ಹೋಗಿ, ಕಿಟಕಿ ಪಕ್ಕ ಕೂತು, ಕಣ್ಣು ಮುಚ್ಚಿ ಗಾಳಿ ಕುಡಿಯುತ್ತಾ ಹುಣಸೂರಿನವರೆಗೂ ನಿದ್ದೆ ಮಾಡಿದರು. ಮುಂದಿನ ಸೀಟಿನಲ್ಲಿ ದೊಡ್ಡತ್ತೆ ಕೂತರು. ಎರಡು ತಿರುವು ದಾಟಿದ ಮೇಲೆ ಡ್ರೈವರಿಗೆ ಸ್ವಲ್ಪ ನಿಧಾನ ಓಡಿಸಪ್ಪ ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು.

ಆ ಸಾಯಂಕಾಲ ದೂರಿನ ಕಡತ ತೆರೆದು, ತಪ್ಪಲ್ಲ, ಪರಿಶೀಲಿಸಲಾಗಿದೆ ಎಂದು ಬರೆದು ಮುಚ್ಚಿದೆ. ಆಧಾರ ಎಂಬ ಜಾಗದಲ್ಲಿ ಪಿರಿಯಾಪಟ್ಟಣದ ಒಂದು ಹೆಬ್ಬೆರಳು ಎಂದು ತುಂಬಿದೆ. ಕಿರಣ ಅದನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿ ಹೇಳಿದನಂತೆ. ದೊಡ್ಡಮಾವನ ಜಾತಕ ಈಗ ಚೌಕಟ್ಟಿನಲ್ಲಿದೆ, ಕಟಕ ಲಗ್ನ, ಸೋಮವಾರ. ಸೋಮವಾರ ನಂಜುಂಡೇಶ್ವರನ ವಾರ, ಹೆಸರಿಗೂ ಈಗಲೇ ಹೊಂದುವುದು ಎಂದು ಬಂದವರಿಗೆಲ್ಲ ಮೆಲ್ಲಗೆ ಹೇಳುತ್ತಾರೆ. ಬೆಳಗಿನ ಕಾಫಿ ಅವರೇ ಕಾಸುತ್ತಾರೆ. ಪಾಯಸಕ್ಕಿಂತ ಸಿಹಿ. ದೊಡ್ಡತ್ತೆ ಅದನ್ನು ಕುಡಿದು ಚೆನ್ನಾಗಿಲ್ಲ ಎಂದು ಹೇಳುತ್ತಾರೆ, ದಿನಾ ಹೇಳುತ್ತಾರೆ, ಆ ಹೇಳುವುದರಲ್ಲಿ ಅವರಿಗಿರುವ ಸಡಗರ ನೋಡಬೇಕು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಏಡಿಯಾದ ದೊಡ್ಡಮಾವನಿಗೆ ಈಗ ಎಲ್ಲರ ಜಾತಕದ ಮೇಲೂ ಅನುಮಾನ. ಹೋದ ವಾರ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ತಂದು, ಒಂದೊಂದಾಗಿ ಹಾಕಿ ನೋಡವ್ವ ಅಂದರು. ಅದರಲ್ಲಿ ನನ್ನದೂ ಇತ್ತು. ಮದುವೆಗೆ ಮುಂಚೆ ನಮ್ಮ ಮನೆಯವರು ಕೊಟ್ಟಿದ್ದು, ನಾಲ್ಕು ಮೂಲೆಗೂ ಅರಿಶಿನ. ದೊಡ್ಡಮಾವನೇ ಕೂತು ಕೂಡಿಸಿ, ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಕೂಡಿದೆ, ಈ ಹುಡುಗಿಯೇ ಆಗಲಿ ಎಂದು ತೀರ್ಮಾನ ಮಾಡಿದ್ದರು. ಹಾಕಿ ನೋಡಿದೆ. ಬೆಳಿಗ್ಗೆ ಹನ್ನೊಂದು ನಲವತ್ತೆರಡು. ಲಗ್ನ, ರಾಶಿ, ನಕ್ಷತ್ರ, ಪಾದ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಅಷ್ಟು ಸರಿಯಾಗಿದ್ದದ್ದೇ ನನಗೆ ಸರಿಬರಲಿಲ್ಲ. ನಾನು ಹುಟ್ಟಿದ್ದು ಎಚ್.ಡಿ. ಕೋಟೆ ಆಚೆ ಎನ್. ಬೇಗೂರಿನ ಅಜ್ಜಿಯ ಮನೆಯಲ್ಲಿ. ಅಲ್ಲಿ ನಲವತ್ತೆರಡು ಎಂದು ನಿಮಿಷ ಎಣಿಸಿದವರು ಯಾರು ಎಂದು ಅಮ್ಮನಿಗೆ ಫೋನು ಮಾಡಿದೆ. ಅಮ್ಮ ರಾಗಿ ಒಣಗಿಸುತ್ತಿದ್ದಳು, ಪ್ರಶ್ನೆಯೇ ಅವಳಿಗೆ ವಿಚಿತ್ರವಾಗಿ ಕಂಡಿತು.

"ಅಜ್ಜಿ ಮನೇಲಿ ಗಡಿಯಾರ ಎಲ್ಲಿತ್ತು ಮಗ," ಅಂದಳು. "ಒತ್ತು ನೋಡಕ್ಕೆ ಇದ್ದುದ್ದು ಕೇರಳದ ಬಸ್ಸು, ಅದು ವೋಗಿತ್ತೋ ಇಲ್ವೋ ಅಂತ್ಲೂ ನೆಪ್ಪಿಲ್ಲ. ಉಣಸೂರಿನೋರು ಜಾತಕ ಕೇಳ್ತಾವ್ರೆ ಅಂದ್ರು. ಉಡುಗನ ಜಾತಕ ಜೋಯಿಸ್ರತ್ರ ತಕ್ಕಂಡೋಗಿ, ಇದ್ಕೆ ಕೂಡೋ ಅಂಗೆ ಒಂದು ಬರ್ಕೊಡಿ ಅಂದೊ, ಬರ್ಕೊಟ್ರು."

ಫೋನು ಇಟ್ಟು ಆ ಅರಿಶಿನದ ಕಾಗದವನ್ನು ಮತ್ತೆ ಮಡಿಸಿದೆ. ಇಲ್ಲದ ಎರಡೂವರೆಯಲ್ಲಿ ಮಗು ಹುಟ್ಟಿಸಿದರೆ ಸಾಫ್ಟ್‌ವೇರು ಏನು ಮಾಡುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದವಳು ನಾನು. ಇಲ್ಲದ ಹನ್ನೊಂದು ನಲವತ್ತೆರಡರಲ್ಲಿ ಹುಟ್ಟಿದವಳನ್ನು ಈ ಮನೆಯವರು ಹಾರ ಹಾಕಿ ಒಳಗೆ ಕರೆದುಕೊಂಡಿದ್ದರು. ಕೆಳಗಿನಿಂದ ದೊಡ್ಡಮಾವ, ನಿನ್ನದು ಹೇಗಿದೆ ಎಂದು ತಮ್ಮ ಹೊಸ ದನಿಯಲ್ಲಿ ಕೇಳಿದರು. ಮೆಟ್ಟಿಲ ಬುಡದಲ್ಲಿ ದೊಡ್ಡತ್ತೆಯೂ ಬಂದು ನಿಂತಿದ್ದರು. ಅಂಗಡಿಯಿಂದ ಊಟಕ್ಕೆ ಬಂದ ನನ್ನ ಗಂಡ ಚಪ್ಪಲಿ ಬಿಡುತ್ತಾ ಮೇಲೆ ನೋಡಿದ. ನಾನು ಬಗ್ಗಿ, ಎಲ್ಲಾ ಸರಿಯಾಗಿದೆ ಮಾವ, ಒಂದು ನಿಮಿಷವೂ ವ್ಯತ್ಯಾಸವಿಲ್ಲ ಅಂದೆ. ಅದರಲ್ಲೂ ಸುಳ್ಳೇನಿಲ್ಲ ನೋಡಿ. ನನ್ನ ಈವರೆಗಿನ ಕೆಲಸದಲ್ಲಿ ಸಿಕ್ಕಿದ ಅತಿ ಗಂಭೀರ ತಪ್ಪು ಆ ಹನ್ನೊಂದು ನಲವತ್ತೆರಡು, ಅದೊಂದನ್ನು ನಾನು ಇನ್ನೂ ಎಲ್ಲೂ ದಾಖಲಿಸಿಲ್ಲ. ದಾಖಲಿಸಿದರೆ ಸರಿಪಡಿಸಲು ಯಾರಿಗೆ ಕಳಿಸುವುದು ಎಂಬುದೂ ತಿಳಿಯುತ್ತಿಲ್ಲ.